ಅತ್ತೆಯ ಮಣ್ಣಿನ ಗೋಡೆಗೆ ಒರಗಿದ ಎಂಜಿನಿಯರ್ ಸಾಹೇಬರು

ಗೆಳೆಯರೇ, ಇವತ್ತು ಮಧ್ಯಾಹ್ನ ಗಜೇಂದ್ರಗಡದಲ್ಲಿ ನಮ್ಮ ಸೋದರತ್ತೆ ಶಾಂತವ್ವನ ಮನೆಗೆ ಸರ್ಕಾರಿ ಮನೆ ಯೋಜನೆಯ ಎಂಜಿನಿಯರ್ ಬಂದಿದ್ದರು. ಅತ್ತೆ ಸೀರೆ ನೇಯುವವಳು. ಹೊಸ ಮನೆಯಲ್ಲಿ ಮಗ್ಗದ ಕೋಣೆಯನ್ನಾದರೂ ಮಣ್ಣಿನ ಇಟ್ಟಿಗೆಯಲ್ಲೇ ಕಟ್ಟಬೇಕೆಂದು ಹಠ ಹಿಡಿದಿದ್ದಾಳೆ.

"ಮಣ್ಣಿನ ಇಟ್ಟಂಗಿ ನಿಯಮದಾಗ ಇಲ್ರಿ ಅವ್ವಾರ. ಸಿಮೆಂಟ್ ಬ್ಲಾಕ್ ಹಾಕ್ರಿ," ಎಂದರು ಸಾಹೇಬರು.

"ಸಿಮೆಂಟಿನ ಖೋಲ್ಯಾಗ ಝಳಕ್ಕ ನೂಲಿನ ಎಳಿ ಪಟಪಟ ಹರೀತಾವ್ರಿ. ನಾ ಹ್ಯಾಂಗ ನೇಯೂದು?"

"ಮನಿ ಕಟ್ಟೂದು ಮಂದಿಗೋ, ನೂಲಿಗೋ?"

"ನೂಲು ಉಳದ್ರ ಮಂದಿ ಉಳೀತಾರ್ರಿ."

ಸಾಹೇಬರು ಬಿಸಿಲಿಗೆ ಹೋಗಿ ಜಾಗದ ಫೋಟೊ ತೆಗೆಯತೊಡಗಿದರು. ನಾಲ್ಕನೆಯ ಫೋಟೊಗೆ ಮೊಬೈಲು ಕಾದು, ತಂಪಾಗುವವರೆಗೆ ಕೆಲಸ ಮಾಡುವುದಿಲ್ಲವೆಂದು ತಿಳಿಸಿ ಸುಮ್ಮನಾಯಿತು. ಅತ್ತೆ ಅದನ್ನು ಇಸಿದುಕೊಂಡು ಹಳೆಯ ಮಣ್ಣಿನ ಗೋಡೆಯ ಗೂಡಿನಲ್ಲಿಟ್ಟಳು. ಸಾಹೇಬರೂ ಅದೇ ಗೋಡೆಗೆ ಒರಗಿ ಕೂತರು. ಚಹಾ ಮುಗಿಯುವಷ್ಟರಲ್ಲಿ ಮೊಬೈಲು ಎದ್ದಿತು. ಸಾಹೇಬರಿಗೆ ಮಾತ್ರ ಏಳುವ ಮನಸ್ಸಿರಲಿಲ್ಲ.

"ಭಾಳ ತಂಪೈತಿ ಬಿಡ್ರಿ," ಎಂದು ಒಪ್ಪಿಕೊಂಡು, ಯೋಜನೆಯ ಆ್ಯಪಿನಲ್ಲಿ ಗೋಡೆ ಸಾಮಗ್ರಿಯ ಪಟ್ಟಿ ತೆರೆದರು. ಕಲ್ಲು, ಸುಟ್ಟ ಇಟ್ಟಿಗೆ, ಸಿಮೆಂಟ್ ಬ್ಲಾಕ್ ಎಲ್ಲ ಇದ್ದವು. ಮಣ್ಣು ಇರಲಿಲ್ಲ. ಕೊನೆಗೆ 'ಇತರೆ' ಎಂಬುದನ್ನು ಒತ್ತಿದರು. ಅದು ವಿವರ ಕೇಳಿತು. ಅತ್ತೆ ಹೇಳುತ್ತಾ ಹೋದಳು, ಅವರು ಬರೆಯುತ್ತಾ ಹೋದರು: ಕೆಂಪು ಮಣ್ಣು, ಹೊಟ್ಟು, ನೀರು, ಮೂರು ದಿನ ಚೆನ್ನಾಗಿ ತುಳಿದದ್ದು.

"ಮ್ಯಾಲಿನವ್ರು ಒಪ್ತಾರೋ ಇಲ್ಲೋ, ನಾ ಅಂತೂ ಕಳಿಸೀನ್ರಿ," ಎಂದು ಹೇಳಿ ಹೊರಟರು.

ನಾವೆಲ್ಲ ಯಾವುದರ ಮೇಲೆ ನಿಂತಿದ್ದೇವೆ ಎಂದು ಯಾರಾದರೂ ಕೇಳಿದರೆ, ಇನ್ನು ಮೇಲೆ ಸರ್ಕಾರಿ ಪಟ್ಟಿಯ ಪ್ರಕಾರ 'ಇತರೆ' ಎನ್ನಬೇಕು.