ಕರಟದಲ್ಲಿ ಬಂದ ಗಿಡ್ಡ ಮಿಡತೆಗಳು

1962, ಅಕ್ಟೋಬರ್ 14, ಭಾನುವಾರ. ಬೆಳಿಗ್ಗೆ ಏಳು ಗಂಟೆ. ಹಿರೇಗುತ್ತಿಯ ಕೆರೆದಂಡೆಯಲ್ಲಿ ಸೈಕಲ್ ಇಳಿಯುತ್ತಿದ್ದಂತೆ, ಅಲ್ಲೇ ಪಕ್ಕದ ಮನೆಯ ದೇವಮ್ಮ ನನ್ನ ಕೈಗೆ ತೆಂಗಿನ ಕರಟವೊಂದನ್ನು ಇಟ್ಟಳು.

"ಮಾಸ್ತರೇ, ಇವತ್ತು ಕೆಸರಲ್ಲಿ ಮಂಡಿ ಊರೂದು ಬೇಡ. ಎಲ್ಲಾ ಹಿಡ್ದಿಟ್ಟೆ."

ಮುಚ್ಚಿದ್ದ ಬಾಳೆಲೆ ಸರಿಸಿದೆ. ಒದ್ದೆ ಪಾಚಿಯ ಮೇಲೆ ಹತ್ತೊಂಬತ್ತು ಗಿಡ್ಡ ಮಿಡತೆಗಳು!

ನೀವೂ ಇವನ್ನು ನೋಡಿರುತ್ತೀರಿ. ಉಗುರಿನಷ್ಟು ಉದ್ದ. ನೀರಂಚಿನಲ್ಲಿ ಪಾಚಿ ತಿಂದುಕೊಂಡಿರುತ್ತವೆ. (ಬೆಳೆಗೆ ತೊಂದರೆ ಕೊಡುವುದಿಲ್ಲ. ಹಾಗಾಗಿ ಊರಲ್ಲಿ ಯಾರೂ ಹೆಸರಿಟ್ಟಿಲ್ಲ.) ಜಾತಿ ಒಂದೇ, ಬೆನ್ನಿನ ಬಣ್ಣ ಮಾತ್ರ ಬೇರೆ ಬೇರೆ. ಯಾವ ಬೆನ್ನಿನದು ಎಲ್ಲಿ ಕೂರುತ್ತದೆ? ಹದಿಮೂರು ಭಾನುವಾರ ಎಣಿಸಿ ಬರೆದಿದ್ದೆ: ಕಪ್ಪಿನವು ಒಗೆಯುವ ಕಪ್ಪು ಕಲ್ಲಿನ ಮೇಲೆ, ಮಾಸಲು ಬಣ್ಣದವು ಮರಳಿನ ಮೇಲೆ. ಇದೊಂದು ವಾರ ಮುಗಿದರೆ ರೆಕಾರ್ಡ್ ಪೂರ್ತಿ. ನನ್ನ ಹಳೆಯ ಪ್ರೊಫೆಸರರಿಗೆ ಅಂಚೆಯಲ್ಲಿ ಕಳಿಸುವವನಿದ್ದೆ.

ಈಗ ಕಲ್ಲಿನದೂ ಮರಳಿನದೂ ಒಂದೇ ಕರಟದಲ್ಲಿ!

"ಎಂತ ಮಾಡ್ಬಿಟ್ಟೆ ದೇವಮ್ಮ! ಯಾವ್ದು ಎಲ್ಲಿತ್ತು ಅಂತ ಯಾರಿಗೆ ಗೊತ್ತು?"

"ಹಿಡ್ದವಳು ನಾನಲ್ವಾ?" ಎಂದವಳೇ ಬೆರಳು ತೋರಿಸತೊಡಗಿದಳು. "ಇದು ಕಲ್ಲಿಂದು. ಇದೂ ಕಲ್ಲಿಂದು. ಈ ಕರಿದು ಮರಳಿಂದು."

"ಕರಿದು ಮರಳಲ್ಲಿ ಇರೂದಿಲ್ಲ."

"ಇರೂದಿಲ್ವಾ? ಇದ್ಕೆ ನಿಮ್ಮ ಪುಸ್ತಕ ಓದೂಕೆ ಬತ್ತದ್ಯಾ ಮಾಸ್ತರೇ?"

ಹಾಗೆ ಐದು ಕಪ್ಪಿನವನ್ನು ಮರಳಿನ ಲೆಕ್ಕಕ್ಕೆ ಸೇರಿಸಿದಳು. ನನ್ನನ್ನು ಮೆಚ್ಚಿಸಬೇಕೆಂದಿದ್ದರೆ ಅವನ್ನು ಕಲ್ಲಿಗೇ ಸೇರಿಸುತ್ತಿದ್ದಳಲ್ಲವೇ?

"ಎಷ್ಟೊತ್ತಿಗೆ ಹಿಡ್ದೆ?"

"ನಿನ್ನೆ ಮಧ್ಯಾಹ್ನ. ಕಲ್ಲು ಕಾದಿತ್ತು, ಕಾಲಿಡೂಕೆ ಆಗ್ತಿರ್ಲಿಲ್ಲ. ಕಲ್ಲಿನ ನೆರಳಲ್ಲಿ ಜಾಗ ಸಿಕ್ಕವು ಕೂತಿದ್ವು, ಉಳ್ದವು ಒದ್ದೆ ಮರಳು ಬಿಟ್ಟು ಬಿಸ್ಲಲ್ಲಿ ಕೂತು ಬೇಯ್ಬೇಕಾ?"

ನೋಟ್‌ಬುಕ್ ತಿರುವಿದೆ. ಏಳು ಗಂಟೆ. ಏಳು ಗಂಟೆ. ಏಳೂ ಐದು (ಅವತ್ತು ಸೈಕಲ್ ಪಂಕ್ಚರ್). ಹದಿಮೂರು ವಾರವೂ ಬೆಳಗಿನ ಹೊತ್ತೇ! ಟೈಮ್ ತಪ್ಪದವನೆಂಬ ಜಂಬ ಬೇರೆ.

"ಸಿಟ್ಟು ಬಂತಾ?" ಎಂದಳು ದೇವಮ್ಮ. ದನಿ ಸಣ್ಣದಾಗಿತ್ತು. ಪಾಪ, ನನ್ನ ಮಂಡಿ ನೋಯಬಾರದೆಂದು ಬಿಸಿಲಲ್ಲಿ ಬಗ್ಗಿ ಹಿಡಿದವಳು.

"ಇಲ್ಲ ಮಾರಾಯ್ತಿ," ಎಂದು ಹೊಸದೊಂದು ಕಾಲಂ ಎಳೆದು ಅವಳ ಹೆಸರು ಬರೆದೆ. ಹತ್ತೊಂಬತ್ತನ್ನೂ ಅವಳು ಹೇಳಿದ ಜಾಗಗಳಲ್ಲೇ ಬಿಟ್ಟೆವು. ಪ್ರೊಫೆಸರರಿಗೆ ಇನ್ನೂ ಏನನ್ನೂ ಕಳಿಸಿಲ್ಲ.

ಹೊನ್ನಾವರ, ಭಟ್ಕಳದ ಕಡೆಯ ಓದುಗರೇ, ಕೆರೆಯಂಚಲ್ಲಿ ಇವು ಕಂಡರೆ ತಾರೀಖು, ಗಂಟೆ, ಬೆನ್ನಿನ ಬಣ್ಣ, ಕೂತ ಜಾಗ ಬರೆದು ತಿಳಿಸಿ. ಮಧ್ಯಾಹ್ನ ನೋಡಿದವರು ದಯವಿಟ್ಟು ಮೊದಲು ಬರೆಯಿರಿ.