ಕರ್ನೆಲ್ ಬೀಗ ಹಿಡಿದು ಕೂತವರು ಯಾರು?

ಗಿರಿಜಕ್ಕನ ಕೈ ನಿಧಾನ ಅಂತ ಮ್ಯಾನೇಜರ್‌ಗೆ ಹೇಳಿದವನು ನಾನೇ. ಅದೂ ಇಡೀ ಆಫೀಸಿಗೆ ಕೇಳುವ ದನಿಯಲ್ಲಿ.

ನನ್ನ ಹೊಟ್ಟೆಪಾಡು ನಿಮಗೆ ಗೊತ್ತಿರುವುದೇ. ಕುಂದಾಪುರದ ಒಂದು ಮೀನು ಸಂಗ್ರಹ ಕೇಂದ್ರದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವುದು. (ಅಂಕಣ ಬರೆದು ಯಾರ ಹೊಟ್ಟೆ ತುಂಬಿದೆ ಹೇಳಿ?) ಅಲ್ಲಿ ಪ್ರತಿ ಪೆಟ್ಟಿಗೆ ಮೀನಿಗೂ ಕೌಂಟರ್‌ನಲ್ಲಿ ಒಂದು ಚೀಟಿ ಪ್ರಿಂಟ್ ಆಗಬೇಕು. ಚೀಟಿ ಅಂಟಿಸದೆ ಲಾರಿ ಹೊರಡುವಂತಿಲ್ಲ. ಕೌಂಟರ್ ಒಟ್ಟು ನಾಲ್ಕು. ಮೊದಲನೆಯದರಲ್ಲಿ ಗಿರಿಜಕ್ಕ. ದಿನಾ ಕಿರಿಮಂಜೇಶ್ವರದಿಂದ ಬಸ್ಸಲ್ಲಿ ಬರುವವರು, ನಮ್ಮಲ್ಲಿ ಎಲ್ಲರಿಗಿಂತ ಹಳಬರು.

ಈಚೆಗೆ ಚೀಟಿ ಬರುವುದು ತಡವಾಗತೊಡಗಿತು. ನಾಲ್ಕೂ ಕಡೆ ಸಾಲು ನಿಂತಿತು, ಹೆಚ್ಚು ಲಾರಿ ಬರುವ ಗಿರಿಜಕ್ಕನ ಎದುರಿನದು ಗೇಟಿನವರೆಗೆ ಬೆಳೆಯಿತು.

"ಹ್ವಾಯ್, ಎಂತ ಮಾರಾಯ್ರೆ! ಐಸ್ ಎಲ್ಲ ನೀರಾತ್ತ್, ಕಾಣ್ತಿಲ್ಯಾ?" ಎಂದು ಲಾರಿಯವರು ಕೂಗಿದರು.

"ನಾನ್ ಒತ್ತೂದ್ ಒತ್ತಿ ಆಯ್ತ್. ಅದ್ ಸುಮ್ನೆ ಸುತ್ತತ್ತ್. ನಾನೆಂತ ಮಾಡುದ್?" ಎಂದರು ಗಿರಿಜಕ್ಕ.

ಮ್ಯಾನೇಜರ್ ನನ್ನನ್ನು ಕರೆದರು. ನಾನು ಹೋಗಿ ಸರ್ವರ್ ನೋಡಿದೆ. ಸಿಪಿಯು ಹೆಚ್ಚುಕಡಿಮೆ ಖಾಲಿ ಕೂತಿದೆ! ಅದು ನಾನೇ ಹಟ ಹಿಡಿದು ತರಿಸಿದ ಹೊಸ ಸರ್ವರ್ ಬೇರೆ. ಅದು ತಪ್ಪು ಮಾಡುತ್ತದೆಯೇ? "ಮೆಷಿನ್ ಆರಾಮಾಗಿದೆ ಸರ್, ಟೈಪ್ ಮಾಡುವ ಕೈ ನಿಧಾನ" ಎಂದುಬಿಟ್ಟೆ.

ಮರುದಿನ ಗಿರಿಜಕ್ಕನನ್ನು ಐಸ್ ರೂಮಿನ ಬಾಗಿಲಿಗೆ ಹಾಕಿದರು. ಒಳಹೋಗುವ ಪೆಟ್ಟಿಗೆ ನೋಡಿಕೊಳ್ಳುವ ಕೆಲಸ. ಅವರು ಜಗಳ ಮಾಡಲಿಲ್ಲ. ಕನ್ನಡಕ, ನೀರಿನ ಬಾಟಲಿ ಎತ್ತಿಕೊಂಡು, ನನ್ನ ಮುಖ ನೋಡದೆ ಹೋದರು. ಬೈದಿದ್ದರೆ ವಾಸಿ ಇತ್ತು.

ಅವರ ಕುರ್ಚಿಗೆ ಬೆರಳು ಚುರುಕಿನ ಹುಡುಗಿಯೊಬ್ಬಳು ಬಂದಳು. ಸಾಲು ಕರಗಿತೇ? ಇಲ್ಲ. ಅವಳೂ ಒತ್ತಿದಳು, ಅವಳ ಪರದೆಯಲ್ಲೂ ಚಕ್ರ ಸುಮ್ಮನೆ ಸುತ್ತಿತು.

ಹಾಗಾದರೆ ನಿಧಾನ ಕೈಯದ್ದಲ್ಲ.

ಮೆಲ್ಲಗೆ ಐಸ್ ರೂಮಿನ ಕಡೆ ಹೋದೆ. "ಗಿರಿಜಕ್ಕ, ಯಾವಾಗ ಜಾಸ್ತಿ ನಿಧಾನ ಆಗುತ್ತಿತ್ತು, ನೆನಪುಂಟಾ?"

ಅವರು ತಲೆ ಎತ್ತದೆ ಹೇಳಿದರು: "ಹೇಳ್ರೆ ಬೇಜಾರ್ ಮಾಡ್ಕಣ್ಬೇಡಿ. ನೀವ್ ರಜೆ ಹಾಕ್ದ್ ದಿನ ಲಾಯ್ಕ್ ಓಡ್ತಿತ್ತ್."

ತಮಾಷೆ ಅಂದುಕೊಂಡೆ. ಅವರು ನಗಲಿಲ್ಲ.

ವಾಪಸ್ ಬಂದು ಸರಿಯಾಗಿ ಅಳೆಯಲು ಕೂತೆ. ಆಪರೇಟಿಂಗ್ ಸಿಸ್ಟಮ್‌ನ ನಡುಮಧ್ಯೆ ಕರ್ನೆಲ್ ಅಂತ ಒಂದಿದೆ. ಇಬ್ಬರು (ಜನ ಅಲ್ಲ, ಪ್ರೋಗ್ರಾಂಗಳು) ಒಂದೇ ಫೋಲ್ಡರನ್ನು ಒಟ್ಟಿಗೆ ಬದಲಿಸಿ ಕೆಡಿಸಬಾರದು ಅಂತ ಅದು ಬೀಗ ಇಟ್ಟುಕೊಂಡಿರುತ್ತದೆ. ಒಬ್ಬರ ಕೈಯಲ್ಲಿ ಬೀಗ ಇದ್ದಾಗ ಉಳಿದವರು ಕಾಯಬೇಕು. ಕಾಯುವವರು ಸಿಪಿಯು ಬಳಸುವುದಿಲ್ಲ, ಸುಮ್ಮನೆ ನಿದ್ದೆ ಹೋಗಿರುತ್ತಾರೆ. ನಾನು "ಆರಾಮ" ಅಂದದ್ದು ಅದನ್ನೇ!

ಯಾವ ಬೀಗಕ್ಕೆ ಯಾರು ಎಷ್ಟು ಹೊತ್ತು ಕಾದರು ಅಂತ ಕರ್ನೆಲ್ಲನ್ನೇ ಕೇಳಬಹುದು. ಅದು ಲೆಕ್ಕ ಇಟ್ಟು ಪಟ್ಟಿ ಕೊಡುತ್ತದೆ. (ಆ ಲೆಕ್ಕಕ್ಕೂ ಅದಕ್ಕೆ ಸ್ವಲ್ಪ ಸಮಯ ಬೇಕು. ಹಾಗಾಗಿ ಸ್ವಲ್ಪ ಹೊತ್ತು ಮಾತ್ರ ಆನ್ ಮಾಡಿದೆ.) ಮೊದಲು ಅತಿ ಹೆಚ್ಚು ಸಲ ಕೈಬದಲಾದ ಬೀಗವನ್ನು ಬೈದೆ. ಪಾಪ, ಅದು ನಿರಪರಾಧಿ. ಸಾವಿರ ಸಲ ಹಿಡಿದರೂ ಕಣ್ಣು ಮಿಟುಕಿಸುವುದರೊಳಗೆ ಬಿಟ್ಟುಕೊಡುವ ಬೀಗ, ಅದಕ್ಕಾಗಿ ಯಾರೂ ಕಾದೇ ಇರಲಿಲ್ಲ. ಅಳೆಯಬೇಕಾದ್ದು ಎಷ್ಟು ಸಲ ಎಂಬುದನ್ನಲ್ಲ, ಎಷ್ಟು ಹೊತ್ತು ಕಾದರು ಎಂಬುದನ್ನು.

ಪಟ್ಟಿಯನ್ನು ಹಾಗೆ ಜೋಡಿಸಿದೆ. ಮೊದಲ ಸಾಲಿನಲ್ಲಿ ಕೂತದ್ದು ಚೀಟಿಗಳ ಫೋಲ್ಡರಿನ ಬೀಗ. ಪ್ರತಿ ಚೀಟಿಯೂ ಪ್ರಿಂಟ್ ಆಗುವ ಮೊದಲು ಅಲ್ಲಿ ಸೇರಬೇಕು. ಕಾಯುತ್ತಿದ್ದವರು ನಾಲ್ಕೂ ಕೌಂಟರ್‌ನವರು. ಸರಿ, ಹಿಡಿದುಕೊಂಡು ಕೂತವರು ಯಾರು?

'ಕಾವಲು'.

ಓದುಗರೇ, ಆ ಪ್ರೋಗ್ರಾಂ ಬರೆದದ್ದು ನಾನು. ಹೆಸರಿಟ್ಟದ್ದೂ ನಾನು. ಚೀಟಿ ಎಷ್ಟು ಆಯಿತು, ತಡ ಆಗುತ್ತಿದೆಯಾ ಅಂತ ನೋಡಲು ಅದು ಬಿಡುವಿಲ್ಲದೆ ಇಡೀ ಫೋಲ್ಡರನ್ನು ಓದುತ್ತದೆ. ಅದರೊಳಗೆ ಹಳೆಯ ವರ್ಷಗಳ ಚೀಟಿಯೂ ಹಾಗೇ ಬಿದ್ದಿತ್ತು. ಓದುವವರು ಎಷ್ಟು ಜನ ಬೇಕಾದರೂ ಒಟ್ಟಿಗೆ ಒಳಗಿರಬಹುದು. ಆದರೆ ಹೊಸ ಚೀಟಿ ಸೇರಿಸಬೇಕಾದರೆ ಅವರೆಲ್ಲ ಹೊರಗೆ ಬರಬೇಕು. ನಾನೋ, ಬೆಳಿಗ್ಗೆ ಬಂದ ಕೂಡಲೇ ಕೌಂಟರ್‌ಗೊಂದರಂತೆ ನಾಲ್ಕು ಕಾವಲು ಓಡಿಸಿ, ಚಹಾ ಹೀರುತ್ತಾ ನೋಡುತ್ತಿದ್ದೆ. ನಿಧಾನ ಕಂಡಷ್ಟೂ ಇನ್ನೊಂದು ಓಡಿಸುತ್ತಿದ್ದೆ!

ಎಲ್ಲ ಕಾವಲನ್ನೂ ನಿಲ್ಲಿಸಿದೆ. ಹೊರಗೆ ಪ್ರಿಂಟರ್‌ಗಳು ಕರಕರ ಎನ್ನತೊಡಗಿದವು. ಆಮೇಲೆ ಹಳೆಯ ಚೀಟಿಗಳನ್ನೂ ಬೇರೆ ಕಡೆಗೆ ಸಾಗಿಸಿದೆ.

ಐಸ್ ರೂಮಿಗೆ ಓಡಿದೆ. "ಗಿರಿಜಕ್ಕ, ತಪ್ಪು ನಂದೇ. ನೀವು ಹೇಳಿದ್ದು ಸರಿ."

ಅವರು ಕೈ ಒರೆಸಿಕೊಂಡರು. "ನನ್ ಕೈ ನಿಧಾನ ಅಂತ ಎಲ್ಲರ ಎದ್ರಿಗೆ ಹೇಳಿದ್ರಿ. ಇದನ್ನ್ ಮಾತ್ರ ಎಂತಕೆ ಮೂಲೆಗೆ ಬಂದ್ ಹೇಳ್ತ್ರಿ?"

ಸೀದಾ ಕೌಂಟರ್ ಕಡೆಗೆ ಹೋದೆ. ಮ್ಯಾನೇಜರ್, ಕೌಂಟರ್‌ನವರು, ಲಾರಿಯವರು, ಎಲ್ಲರ ಎದುರು ನಿಂತು ಹೇಳಿದೆ. ಲಾರಿಯವನೊಬ್ಬ ಕೇಳಿದ: "ಅಂದ್ರೆ ನಾವ್ ಇಷ್ಟ್ ದಿನ ಕಾದದ್ದ್ ನಿಮ್ಗಾ?"

ಹೌದು ಅಂದೆ.

ಗಿರಿಜಕ್ಕ ತಮ್ಮ ಕುರ್ಚಿಗೆ ಮರಳಿದರು. ಆ ಹುಡುಗಿ ಪಕ್ಕದ ಕೌಂಟರ್‌ನವರ ನೆರವಿಗೆ ಹೋದಳು. ಮ್ಯಾನೇಜರ್ ಮಾತ್ರ ಈಗಲೂ ತಾಸಿಗೆ ನಾಲ್ಕು ಸಲ ಬಂದು, "ಈಗ ಫಾಸ್ಟ್ ಉಂಟಲ್ಲ? ಫಾಸ್ಟ್ ಉಂಟಲ್ಲ?" ಎಂದು ವಿಚಾರಿಸುತ್ತಾರೆ. ಕೇಳಿದಾಗಲೆಲ್ಲ ಕೌಂಟರ್‌ನವರು ಕೈ ನಿಲ್ಲಿಸಿ, ತಲೆ ಎತ್ತಿ, "ಉಂಟು ಸರ್" ಎನ್ನುತ್ತಾರೆ.

ಹಾಗೆ ಕೈ ಎಷ್ಟು ಹೊತ್ತು ನಿಂತಿತು ಅಂತ ಅಳೆದು ಮ್ಯಾನೇಜರ್‌ಗೆ ತೋರಿಸುವವರು ಯಾರು?