ಅದಕ್ಕೆ ನಮ್ಮಲ್ಲಿ ಏನಂತಾರೆ

ನಾನು ಇಂಗ್ಲಿಷ್ ಕಲಿತದ್ದು ಜಗಳೂರು ಸೀಮೆಯ ನಮ್ಮ ಮನೆಯ ಒಲೆಯ ಮುಂದೆ. ಅಕ್ಕ ಏಳನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದಳು. ಅವಳು ರೊಟ್ಟಿ ಬಡಿಯುವಾಗ ನಾನು ಪಕ್ಕದಲ್ಲಿ ಕೂತು ಇಂಗ್ಲಿಷ್ ಪಾಠವನ್ನು ಗಟ್ಟಿಯಾಗಿ ಓದಬೇಕಿತ್ತು. ಹೊಸ ಪದ ಬಂದರೆ ಬಡಿಯುವ ಕೈ ನಿಲ್ಲುತ್ತಿತ್ತು. "ಅದಕ್ಕೆ ನಮ್ಮಲ್ಲಿ ಏನಂತಾರೆ?" ಎಂದು ಕೇಳುತ್ತಿದ್ದಳು. ಹೇಳುವ ತನಕ ನನಗೆ ರೊಟ್ಟಿ ಇಲ್ಲ. ಕನ್ನಡಕ್ಕೆ ಬಗ್ಗದ ಪದವನ್ನು ಊಟಕ್ಕಿಲ್ಲದ ಉಪ್ಪಿನಕಾಯಿ ಎಂದು ಹೀಗಳೆಯುತ್ತಿದ್ದಳು.

ನಾನು ತಡವರಿಸಿದರೆ ಅವಳೇ ಅರ್ಥ ಹೊಂದಿಸುತ್ತಿದ್ದಳು. ಒಂದೇ ಕೋಣೆಯಲ್ಲಿ ಮನೆಮಂದಿಯೆಲ್ಲ ಮಲಗುತ್ತಿದ್ದ ನಮಗೆ ಪ್ರೈವೆಸಿ ಎಂಬ ಪದವನ್ನು ಬಿಡಿಸಿ ಹೇಳುವುದು ಹೇಗೆ? ಅವಳು ಸ್ವಲ್ಪ ಹೊತ್ತು ಯೋಚಿಸಿ, "ನಾನು ಬಾಗ್ಲು ಹಾಕ್ಕಂಡ್ರೆ ಯಾಕೆ ಅಂತ ಯಾರೂ ಕೇಳಬಾರದು, ಅದೇ ತಾನೆ?" ಎಂದಳು. ಆಕ್ವರ್ಡ್ ಎಂಬುದಕ್ಕೆ ಅವಳು ಕೊಟ್ಟ ಉದಾಹರಣೆ, ಹೆಣ್ಣು ಒಪ್ಪಿಗೆಯಾಗದಿದ್ದರೂ ಉಪ್ಪಿಟ್ಟು ಮುಗಿಯುವ ತನಕ ಏಳದ ಗಂಡಿನ ಕಡೆಯವರು. ಅಂಥವರ ಮುಂದೆ ಅವಳು ಕೂತೆದ್ದು ಬಂದಿದ್ದಳು. ಈಗ ನಾನು ನ್ಯಾಮತಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು. ಈ ಎರಡು ಪದ ಬಂದಾಗ ಮಕ್ಕಳಿಗೆ ಅಕ್ಕನ ಅರ್ಥವನ್ನೇ ಹೇಳುತ್ತೇನೆ, ಅದಕ್ಕಿಂತ ಒಳ್ಳೆಯದು ನನಗೆ ಎಲ್ಲೂ ಸಿಕ್ಕಿಲ್ಲ.

ಹೋದ ವರ್ಷ ಅಕ್ಕನ ಹೊಟ್ಟೆಯ ಕ್ಯಾನ್ಸರು ಲಿವರಿಗೂ ಹಬ್ಬಿದೆ ಎಂದು ದಾವಣಗೆರೆಯ ಆಸ್ಪತ್ರೆಯಲ್ಲಿ ಗೊತ್ತಾಯಿತು. ಅವಳನ್ನು ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂರಿಸಿ, ಡಾಕ್ಟರು ಭಾವನನ್ನೂ ನನ್ನನ್ನೂ ಒಳಗೆ ಕರೆದರು. ಇನ್ನು ಪ್ಯಾಲಿಯೇಟಿವ್ ಕೇರ್ ಅಷ್ಟೇ ಎಂದರು. ಅವರಿಗೆ ಕನ್ನಡ ಅಷ್ಟಕ್ಕಷ್ಟೆ, ಉಳಿದದ್ದನ್ನು ನನಗೆ ಇಂಗ್ಲಿಷಿನಲ್ಲೇ ಹೇಳಿದರು: ನೋವಿಗೆ ಮಾತ್ರೆ ಕೊಡಿ, ಇಷ್ಟಪಟ್ಟದ್ದನ್ನು ತಿನ್ನಲು ಕೊಡಿ, ಯಾವುದಕ್ಕೂ ಬೇಡ ಎನ್ನಬೇಡಿ. ಒಳ್ಳೆಯ ಮನುಷ್ಯ, ಹೇಳುವಾಗ ದನಿ ತಗ್ಗಿಸಿದರು.

ಹೊರಗೆ ಬಂದ ಮೇಲೆ ಭಾವನನ್ನು ಮೂಲೆಗೆ ಕರೆದು, ಇದು ವಾಸಿಯಾಗುವುದಿಲ್ಲ, ನೋವು ಕಡಿಮೆ ಮಾಡುತ್ತಾರೆ ಅಷ್ಟೆ ಎಂದೆ. ಅವರು ಮೊದಲರ್ಧವನ್ನು ಕಿವಿಗೆ ಹಾಕಿಕೊಳ್ಳಲೇ ಇಲ್ಲ. ನೋವು ಕಡಿಮೆಯಾದರೆ ವಾಸಿಯಾದಂತೆಯೇ ಅಲ್ಲವೇ ಎಂದರು. ಅಕ್ಕನ ಮುಂದೆ ಬಾಯಿ ಬಿಡಬಾರದೆಂದು ನನ್ನಿಂದ ಭಾಷೆ ತೆಗೆದುಕೊಂಡರು. ನಮ್ಮ ಕಡೆ ಈ ರೋಗದ ಹೆಸರನ್ನು ರೋಗಿಯ ಮುಂದೆ ಎತ್ತುವುದಿಲ್ಲ. ಬಂದು ಮಾತಾಡಿಸುವವರಿಗೆಲ್ಲ ಅಕ್ಕನದು ಗ್ಯಾಸ್ಟ್ರಿಕ್ಕು, ಹೊಟ್ಟೆ ಹುಣ್ಣು ಎಂದಾಯಿತು.

ಆದರೆ ಡಾಕ್ಟರು ದನಿ ತಗ್ಗಿಸಿದ್ದರೂ ಪ್ಯಾಲಿಯೇಟಿವ್ ಎಂಬ ಪದ ಬೆಂಚಿನ ತನಕ ಕೇಳಿಸಿತ್ತು. ಅಕ್ಕನ ಗಂಡನ ಊರಾದ ತ್ಯಾವಣಿಗೆಯ ಬಸ್ಸಿನಲ್ಲಿ ಕೂತಾಗ ಅವಳು ಅದನ್ನು ಪಾಠದ ಪದದಂತೆ ಬಿಡಿಬಿಡಿಯಾಗಿ ಹೇಳಿ, ಅದಕ್ಕೆ ನಮ್ಮಲ್ಲಿ ಏನಂತಾರೆ ಎಂದಳು. ನಿಘಂಟು ನೋಡಿ ಹೇಳುತ್ತೇನೆ ಎಂದು ಜಾರಿಕೊಂಡೆ. ನಿಘಂಟಿನಲ್ಲಿ ಉಪಶಾಮಕ ಎಂದಿತ್ತು. ಮುಂದಿನ ವಾರ ಅದನ್ನೇ ಹೇಳಿದರೆ, ಅದೂ ಇಂಗ್ಲಿಷೇ ಆಯಿತಲ್ಲ ಎಂದು ನಕ್ಕಳು. ಎರಡು ಭಾಷೆ ಕಲಿತು ಪುಟ್ಟ ಸತ್ಯವೊಂದನ್ನು ಹೇಳಲಾಗದ ನನ್ನ ಮೇಲೆ ನನಗೇ ಸಿಟ್ಟು ಬಂತು.

ಆಸ್ಪತ್ರೆಯವರು ನೋವಿನ ಮಾತ್ರೆ ಬಿಟ್ಟು ಬೇರೇನೂ ಕೊಡಲಿಲ್ಲವೆಂದು ಭಾವ ಉಬ್ರಾಣಿ ಕಡೆಯ ನಾಟಿ ವೈದ್ಯರೊಬ್ಬರಿಂದ ಬೇರಿನ ಪುಡಿ ತಂದರು. ಪುಡಿಯ ಜೊತೆಗೆ ಪಥ್ಯವೂ ಬಂತು. ಉಪ್ಪು, ಹುಳಿ, ಖಾರ ಮೂರನ್ನೂ ನಾಲಿಗೆಗೆ ಸೋಕಿಸುವಂತಿಲ್ಲ, ಸೋಕಿದರೆ ಔಷಧಿ ಕೆಡುತ್ತದೆ. ಕೆಂಪು ಚಟ್ನಿ ಇಲ್ಲದೆ ತುತ್ತು ಇಳಿಯದ ನನ್ನ ಅಕ್ಕ ಸಪ್ಪೆ ಅನ್ನಕ್ಕೆ ಹಾಲು ಹಾಕಿಕೊಂಡು ಕಣ್ಣು ಮುಚ್ಚಿ ನುಂಗತೊಡಗಿದಳು. ಅವಳೊಬ್ಬಳಿಗೇ ಯಾಕೆ ಈ ಶಿಕ್ಷೆ ಎಂದು ಭಾವನೂ ಉಪ್ಪು ಬಿಟ್ಟರು. ಗಂಡ ಹೆಂಡತಿ ಎದುರುಬದುರು ಕೂತು ಆ ಬಿಳಿ ಅನ್ನ ತಿನ್ನುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಪ್ರತಿ ಭಾನುವಾರ ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ ಹೋಗುತ್ತಿದ್ದೆ. ಪ್ರತಿ ಭಾನುವಾರ ಅವಳು ಇನ್ನಷ್ಟು ಇಳಿದಿರುತ್ತಿದ್ದಳು. ಯುಗಾದಿಯ ಹೊತ್ತಿಗೆ ಓಡಾಡುವಂತಾಗುತ್ತೇನೆ ಎಂದು ನಂಬಿದ್ದಳು. ಒಂದು ವಾರ ನೋವು ವಿಪರೀತವಾಗಿತ್ತು. ತಪ್ಪು ತನ್ನದೇ ಎಂದು ಕೊರಗುತ್ತಿದ್ದಳು. ಮಲಗಿದ್ದಾಗ ಬೆವರು ಹರಿದು ಬಾಯಿಗೆ ಹೋಗಿರಬೇಕು, ಅದು ಉಪ್ಪಲ್ಲವೇ, ಪಥ್ಯ ಕೆಟ್ಟಿತು ಎಂದಳು.

ಸತ್ತವರ ಹನ್ನೊಂದನೆಯ ದಿನ ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಲೆ ತುಂಬ ಎಡೆ ಇಡುವ ಜನ ನಾವು. ಅವಳಿಗೆ ಮೆಣಸಿನಕಾಯಿ ಬಜ್ಜಿ ಎಂದರೆ ಪ್ರಾಣವಾಗಿತ್ತು ಎಂದು ಆ ದಿನ ಯಾರಾದರೂ ನೆನಪಿಸಿಕೊಂಡು, ಕರಿದು ತಂದು, ಎಲೆಯ ತುದಿಯಲ್ಲಿ ಇಡುತ್ತಾರೆ. ಬದುಕಿರುವಾಗ ಅದರ ವಾಸನೆಗೂ ಬಿಡುತ್ತಿಲ್ಲ. ಯೋಚಿಸಿದಷ್ಟೂ ಮೈ ಉರಿಯಿತು. ಕೊಟ್ಟ ಭಾಷೆ ಹಾಳಾಗಿ ಹೋಗಲಿ ಎಂದುಕೊಂಡೆ.

ಆ ಭಾನುವಾರ ಭಾವ ಪುಡಿ ತರಲು ಹೋಗಿದ್ದರು. ನಾನು ಹಾಸಿಗೆಯ ಪಕ್ಕ ಕೂತು, ಡಾಕ್ಟರ ಪದಕ್ಕೆ ಅರ್ಥ ಸಿಕ್ಕಿತು ಎಂದೆ. ಅಕ್ಕ ಕಣ್ಣು ಬಿಟ್ಟಳು.

"ಇನ್ನು ಪಥ್ಯ ಬ್ಯಾಡ ಅಂತ ಕಣಕ್ಕ. ನಿನ್ನ ನಾಲಿಗೆ ಏನು ಕೇಳ್ತೈತೋ ಅದನ್ನ ಕೊಡ್ರಿ ಅಂತ."

ನಮ್ಮ ಕಡೆ ಈ ಮಾತನ್ನು ಪೂರ್ತಿ ವಾಸಿಯಾದವರಿಗೆ ಹೇಳುತ್ತಾರೆ, ಇಲ್ಲವೇ ಹೊರಟು ನಿಂತವರಿಗೆ. ಅಕ್ಕ ಹೊದಿಕೆಯ ಮೇಲಿದ್ದ ತನ್ನ ಕೈಗಳನ್ನು ನೋಡಿಕೊಂಡಳು. ಅಲ್ಲಿ ಮೂಳೆ ಬಿಟ್ಟರೆ ಏನೂ ಇರಲಿಲ್ಲ. ಅಳುತ್ತಾಳೆ ಎಂದು ಹೆದರಿದ್ದೆ, ಅಳಲಿಲ್ಲ.

"ಅವತ್ತೇ ಹೇಳಬೇಕಿತ್ತು ಕಣೆ," ಎಂದಳು. "ಇಷ್ಟು ದಿನ ಸುಮ್ನೆ ಸಪ್ಪೆ ತಿಂದೆ."

ಬಸ್‌ಸ್ಟ್ಯಾಂಡ್ ಹತ್ತಿರದ ಗಾಡಿಯಿಂದ ಬಿಸಿ ಮೆಣಸಿನಕಾಯಿ ಬಜ್ಜಿ, ಮಂಡಕ್ಕಿ ತಂದೆ. ಗೋಡೆಗೆ ಒರಗಿಸಿ ಕೂರಿಸಿದೆ. ಒಂದು ಚೂರು ಕಚ್ಚಿದಳು. ನುಂಗಲು ಆಗುತ್ತಿರಲಿಲ್ಲ, ಬಾಯೊಳಗೇ ಇಟ್ಟುಕೊಂಡು ಚೀಪುತ್ತಾ ಕೂತಳು. ಉಪ್ಪು ಹದವಾಗಿದೆ ಎಂಬಂತೆ ತಲೆಯಾಡಿಸಿದಳು.

ಅಷ್ಟರಲ್ಲಿ ಭಾವ ಪುಡಿಯ ಪೊಟ್ಟಣ ಹಿಡಿದು ಬಂದವರು ಬಾಗಿಲಲ್ಲೇ ನಿಂತರು. ನನ್ನನ್ನು ನೋಡಿದರು, ಬಜ್ಜಿಯನ್ನು ನೋಡಿದರು. ಬೈದಾರು ಎಂದು ಕಾದೆ. ಅವರು ಸಣ್ಣ ದನಿಯಲ್ಲಿ, ಔಷಧಿ ಕೆಡುತ್ತದೆ ಎಂದಷ್ಟೇ ಹೇಳಿದರು.

"ಕೆಡಾಕೆ ಏನೂ ಉಳಿದಿಲ್ಲ ರೀ," ಎಂದಳು ಅಕ್ಕ. "ಬರ್ರಿ ಇಲ್ಲಿ. ನೀವೂ ಉಪ್ಪು ಬಿಟ್ಟು ಭಾಳ ದಿನ ಆತು."

ಕಚ್ಚಿದ ಬಜ್ಜಿಯ ಉಳಿದರ್ಧವನ್ನು ಅವರತ್ತ ಚಾಚಿದಳು. ಭಾವ ಪೊಟ್ಟಣವನ್ನು ಕಿಟಕಿಯಲ್ಲಿಟ್ಟು ಬಂದು, ಅದನ್ನು ತೆಗೆದುಕೊಂಡು, ನಿಂತೇ ತಿಂದರು. ಕಣ್ಣಲ್ಲಿ ನೀರು ಸುರಿಯಿತು. ಖಾರ ಐತೆ ಎಂದರು. ಅಕ್ಕ, ಹೂಂ, ಖಾರ ಐತೆ ಎಂದಳು.

ಯುಗಾದಿಗೆ ಮೊದಲೇ ಹೋದಳು. ಹನ್ನೊಂದನೆಯ ದಿನ ಹೆಂಗಸರು ಎಡೆಗೆ ಏನೇನು ಆಗಬೇಕೆಂದು ಮಾತಾಡಿಕೊಳ್ಳುತ್ತಿದ್ದರು. ನಾನು ಅಂದುಕೊಂಡಂತೆಯೇ ಒಬ್ಬಾಕೆ ಮೆಣಸಿನಕಾಯಿ ಬಜ್ಜಿಯ ಮಾತೆತ್ತಿ, ಒಲೆಯ ಮೇಲೆ ಎಣ್ಣೆ ಇಡಲು ಎದ್ದಳು. ಬಾಗಿಲ ಬಳಿ ಕೂತಿದ್ದ ಭಾವ ತಲೆ ಎತ್ತದೆ ತಡೆದರು.

"ಅದು ಬ್ಯಾಡ," ಎಂದರು. "ಅದನ್ನ ಅವಳು ತಿಂದೇ ಹೋಗಿದಾಳೆ."